ರಾಜನ ಮೂರು ಇಟ್ಟಿಗೆ

ಫೋಟೊ ಕಳಿಸಿ ಹತ್ತು ನಿಮಿಷ ಆಗಿರಲಿಲ್ಲ, ಅಪ್ಪನ ಫೋನ್ ಬಂತು. ಫೋಟೊದಲ್ಲಿ ನಾನು ತಲೆಗೆ ಹೆಲ್ಮೆಟ್, ಕೈಗೆ ಗ್ಲೌಸ್, ಮೂಗಿಗೆ ಮಾಸ್ಕ್ ಹಾಕಿಕೊಂಡು ಎರಡು ಇಟ್ಟಿಗೆ ಹಿಡಿದು ನಿಂತಿದ್ದೆ. ಹಿಂದೆ ಬಿದ್ದುಹೋದ ಒಂದು ಮನೆ.

"ಎಲ್ಲಪ್ಪಾ ಇದು?"

"ನೇಪಾಳ ಅಪ್ಪಾ. ಭೂಕಂಪ ಆಗಿತ್ತಲ್ಲ, ಇಲ್ಲಿ ಇಟ್ಟಿಗೆ ಹೊರೋ ಕೆಲಸ ಮಾಡ್ದೆ ಇವತ್ತು."

"ಹೌದಾ. ಕೂಲಿ ಎಷ್ಟು ಕೊಟ್ರು?"

"ಕೂಲಿ ಅಲ್ಲಪ್ಪಾ, ಇದು ವಾಲಂಟಿಯರಿಂಗು. ನಾವೇ ದುಡ್ಡು ಕಟ್ಟಿ ಮಾಡೋದು."

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಲೈನ್ ಕಟ್ಟಾಯ್ತೇನೋ ಅಂದುಕೊಂಡೆ. ಆಮೇಲೆ ಅಪ್ಪ, "ಸರಿ ಬಿಡು. ಹುಷಾರು, ಕಾಲ ಮೇಲೆ ಗೀಲೆ ಹಾಕ್ಕೊಂಡೀಯ" ಅಂದು ಫೋನಿಟ್ಟ.

ಅವನು ಹೇಳದೆ ಬಿಟ್ಟ ಮಾತು ಯಾವುದು ಅಂತ ನನಗೆ ಗೊತ್ತಿತ್ತು. ಅದಕ್ಕೆ ಐದು ತಿಂಗಳ ಹಿಂದೆ ಹಿಂಗಾರು ಮಳೆಗೆ ಊರಲ್ಲಿ ನಮ್ಮ ಮನೆಯ ಹಿತ್ತಲ ಕಡೆಯ ಗೋಡೆ ಕುಸಿದಿತ್ತು. ಹಳೇ ಮಣ್ಣಿನ ಗೋಡೆ, ಅಜ್ಜನ ಕಾಲದ್ದು. "ಎರಡು ದಿನ ಬಂದೋಗ್ತೀಯೇನಪ್ಪಾ?" ಅಂತ ಅಪ್ಪ ಕೇಳಿದ್ದ. ಆಫೀಸಲ್ಲಿ ರಿಲೀಸ್ ಹತ್ತಿರ ಬಂದಿತ್ತು. ಕೂತಲ್ಲೇ 15,000 ರೂಪಾಯಿ ಟ್ರಾನ್ಸ್‌ಫರ್ ಮಾಡಿ, "ಆಳಿಟ್ಟು ಮಾಡಿಸ್ಕೊ, ನೀನು ಮಾತ್ರ ಭಾರ ಎತ್ತಬೇಡ" ಅಂದಿದ್ದೆ. ಜವಾಬ್ದಾರಿಯ ಮಗ ಅಂತ ನನ್ನ ಬಗ್ಗೆ ನನಗೇ ಹೆಮ್ಮೆಯಾಗಿತ್ತು ಕೂಡ.

ಅಪ್ಪನ ಆ ಅರ್ಧ ನಿಮಿಷದ ಮೌನ ನನ್ನ ತಲೆಯಿಂದ ಇಳಿದಿಲ್ಲ. ಅದಕ್ಕೇ ಇದನ್ನ ಬರೀತಿದ್ದೇನೆ.

2016ರ ಮಾರ್ಚ್ ಅದು. ಆಫೀಸಿನ ಒಬ್ಬ ಗೆಳೆಯ, ನಾನು, ಇಬ್ಬರೂ ನಾಲ್ಕು ದಿನಕ್ಕೆ ಅಂತ ಕಠ್ಮಂಡುವಿಗೆ ಹೋಗಿದ್ದೆವು. 2015ರ ಏಪ್ರಿಲ್ 25ರಂದು ಬೆಳಗ್ಗೆ 11 ಗಂಟೆ 56 ನಿಮಿಷಕ್ಕೆ ಅಲ್ಲಿ 7.8 ತೀವ್ರತೆಯ ಭೂಕಂಪ ಆಗಿತ್ತು. ಸುಮಾರು 9,000 ಜನ ಸತ್ತರು, 5 ಲಕ್ಷದಷ್ಟು ಮನೆಗಳು ನೆಲ ಕಚ್ಚಿದವು. ಅವತ್ತು ಶನಿವಾರ, ನೇಪಾಳದಲ್ಲಿ ವಾರದ ರಜೆ, ಶಾಲೆಗಳಲ್ಲಿ ಮಕ್ಕಳಿರಲಿಲ್ಲ. ಇಲ್ಲದಿದ್ದರೆ ಲೆಕ್ಕ ಇನ್ನೂ ಘೋರವಾಗಿರುತ್ತಿತ್ತು. ಸುಧಾರಿಸಿಕೊಳ್ಳುವ ಮೊದಲೇ ಮೇ 12ಕ್ಕೆ ಮತ್ತೊಂದು, 7.3ರದ್ದು. ನಾವು ಹೋದಾಗ ಹತ್ತಿರ ಹತ್ತಿರ ವರ್ಷ ಆಗುತ್ತಾ ಬಂದಿತ್ತು, ಆದರೂ ಎಷ್ಟೋ ಬೀದಿಗಳಲ್ಲಿ ಇಟ್ಟಿಗೆಯ ಗುಡ್ಡೆ ಹಾಗೇ ಇತ್ತು.

ಇಂಥ ಊರಲ್ಲಿ ಬರೀ ಸುತ್ತಾಡಿಕೊಂಡು ಬರಲು ಮನಸ್ಸು ಒಪ್ಪಲಿಲ್ಲ. ಹುಡುಕಿದಾಗ ಒಂದು ಸಂಸ್ಥೆಯ ಒಂದು ದಿನದ ಕಾರ್ಯಕ್ರಮ ಸಿಕ್ಕಿತು: ಬೆಳಗ್ಗೆ ಭಕ್ತಪುರ ದರ್ಶನ, ಮಧ್ಯಾಹ್ನ ಬಿದ್ದ ಮನೆಯ ಇಟ್ಟಿಗೆ ತೆಗೆಯುವ ಶ್ರಮದಾನ. ಫೀ ತಲೆಗೆ 3,500 ನೇಪಾಳಿ ರೂಪಾಯಿ. ನಮ್ಮ ಒಂದು ರೂಪಾಯಿಗೆ ಅವರದು 1.60, ಅಂದರೆ ನಮ್ಮ ದುಡ್ಡಲ್ಲಿ 2,200ರ ಆಸುಪಾಸು. ಬಸ್ಸು, ಗೈಡು, ಗ್ಲೌಸು, ಕೊನೆಗೊಂದು ಗ್ರೂಪ್ ಫೋಟೊ ಎಲ್ಲಾ ಸೇರಿ. ಬೆಂಗಳೂರಲ್ಲಿ ಒಂದು ಶನಿವಾರ ರಾತ್ರಿಗೆ ಇದಕ್ಕಿಂತ ಜಾಸ್ತಿ ಬಿಲ್ ಆಗಿದ್ದುಂಟು. ಕಟ್ಟಿದೆವು.

ಭಕ್ತಪುರ ಕಠ್ಮಂಡುವಿನಿಂದ ಹದಿಮೂರು ಕಿಲೋಮೀಟರ್. ನೇವಾರರ ಹಳೇ ರಾಜಧಾನಿ. ಊರ ಬಾಗಿಲಲ್ಲೇ ಟಿಕೆಟ್: ಆಗ ಸಾರ್ಕ್ ದೇಶದವರಿಗೆ 500 ನೇಪಾಳಿ ರೂಪಾಯಿ, ಉಳಿದ ಬಹುತೇಕ ವಿದೇಶಿಯರಿಗೆ 1,500 ಇತ್ತು. ಒಳಗೆ ಹೋದರೆ ಕಣ್ಣಿಗೆ ಎರಡೂ ಒಟ್ಟಿಗೆ ಬೀಳುತ್ತಿದ್ದವು, ನಿಂತಿರುವುದು ಮತ್ತು ಬಿದ್ದಿರುವುದು. 55 ಕಿಟಕಿಗಳ ಅರಮನೆ ನಿಂತಿದೆ. ಅದರೆದುರಿನ ವತ್ಸಲಾ ದುರ್ಗೆಯ ಕಲ್ಲಿನ ಗುಡಿ ಆಗ ಪೂರ್ತಿ ಹೋಗಿ ಬರೀ ಜಗಲಿ ಉಳಿದಿತ್ತು. ಗಲ್ಲಿಗಳಲ್ಲಿ ಗೋಡೆಗಳಿಗೆ ಮರದ ದಿಮ್ಮಿ ಆನಿಸಿ ನಿಲ್ಲಿಸಿದ್ದರು, ಮುದುಕರಿಗೆ ಊರುಗೋಲು ಕೊಟ್ಟ ಹಾಗೆ. ನಾವು ಫೋಟೊ ತೆಗೆದುಕೊಂಡೆವು. ಬಿದ್ದ ಗುಡಿಯ ಮುಂದೆ ನಗಬೇಕೋ ಬೇಡವೋ ಗೊತ್ತಾಗದೆ ಎಲ್ಲ ಫೋಟೊದಲ್ಲೂ ನಮ್ಮದು ಅರ್ಧ ನಕ್ಕ ಮುಖ.

ಆಮೇಲೆ ಗೈಡ್ ನ್ಯಾತಪೋಲದ ಮುಂದೆ ನಿಲ್ಲಿಸಿದ. ಐದು ಜಗಲಿಗಳ ಮೇಲೆ ಐದು ಅಂತಸ್ತಿನ ಮಾಡು, ಸುಮಾರು ಮೂವತ್ತು ಮೀಟರ್ ಎತ್ತರ. ಭೂಪತೀಂದ್ರ ಮಲ್ಲ ಅನ್ನುವ ರಾಜ 1702ರಲ್ಲಿ ಕಟ್ಟಿಸಿದ್ದು. 1934ರ ದೊಡ್ಡ ಭೂಕಂಪಕ್ಕೂ ಬೀಳಲಿಲ್ಲ, 2015ರದ್ದಕ್ಕೂ ಬೀಳಲಿಲ್ಲ. ಮೆಟ್ಟಿಲ ಎರಡೂ ಕಡೆ ಜೋಡಿ ಜೋಡಿ ಕಾವಲು ಮೂರ್ತಿಗಳು. ಎಲ್ಲಕ್ಕಿಂತ ಕೆಳಗೆ ಇಬ್ಬರು ಜಟ್ಟಿಗಳು. ಸಾಮಾನ್ಯ ಮನುಷ್ಯನ ಹತ್ತರಷ್ಟು ಶಕ್ತಿ ಅವರಿಗೆ. ಅವರ ಮೇಲಿನ ಆನೆಗೆ ಜಟ್ಟಿಯ ಹತ್ತರಷ್ಟು, ಅದರ ಮೇಲಿನ ಸಿಂಹಕ್ಕೆ ಆನೆಯ ಹತ್ತರಷ್ಟು, ಹೀಗೇ ಮೇಲಕ್ಕೆ.

ಗೈಡ್ ಒಂದು ಕಥೆ ಹೇಳಿದ. ಗುಡಿ ಕಟ್ಟಲು ಶುರು ಮಾಡುವಾಗ ರಾಜ ತಾನೇ ಮೂರು ಇಟ್ಟಿಗೆ ಹೊತ್ತು ತಂದನಂತೆ. ಅದನ್ನು ನೋಡಿ ಊರಿನ ಜನ ಎಲ್ಲರೂ ಕೈಹಾಕಿ, ಐದೇ ದಿನದಲ್ಲಿ ಬೇಕಾದ ಸಾಮಾನನ್ನೆಲ್ಲ ತಂದು ಸುರಿದರಂತೆ. "ನೀವೂ ಇವತ್ತು ಮಧ್ಯಾಹ್ನ ರಾಜನ ಕೆಲಸ ಮಾಡ್ತೀರಿ" ಅಂತ ನಕ್ಕ. ನಾವೂ ಚಪ್ಪಾಳೆ ಹೊಡೆದೆವು.

ಮಧ್ಯಾಹ್ನ ನಮ್ಮನ್ನು ಕರೆದುಕೊಂಡು ಹೋದದ್ದು ಒಂದು ಗಲ್ಲಿಯ ತುದಿಯ ಮನೆಗೆ. ಮನೆ ಅಂದರೆ ಒಂದು ಗೋಡೆ, ಮತ್ತೆ ಎದೆಯುದ್ದದ ಗುಡ್ಡೆ. ಪಕ್ಕದಲ್ಲಿ ತಗಡಿನ ಶೆಡ್ಡು, ಅದರಲ್ಲಿ ಒಬ್ಬ ಮುದುಕಿ, ಅವರ ಸೊಸೆ, ಹೈಸ್ಕೂಲು ಓದುವ ಮೊಮ್ಮಗಳು. ನಾವು ಒಂಬತ್ತು ಜನ ಸ್ವಯಂಸೇವಕರು. ಜೊತೆಗೆ ಒಬ್ಬ ಮೇಸ್ತ್ರಿ, ಇಬ್ಬರು ಹೆಣ್ಣಾಳುಗಳು. ಅವರಿಬ್ಬರ ಬೆನ್ನ ಮೇಲೆ ಡೊಕೊ, ಅಂದರೆ ನಮ್ಮ ಮಂಕರಿಯ ಥರದ್ದೇ ಬಿದಿರ ಬುಟ್ಟಿ. ಅದರ ಪಟ್ಟಿಯನ್ನು ಹಣೆಗೆ ಕೊಟ್ಟು ಹೊರುತ್ತಾರೆ.

ಅಲ್ಲಿನ ಹಳೇ ಮನೆಗಳನ್ನು ಕಟ್ಟಿರುವುದು ಇಟ್ಟಿಗೆಗೆ ಕಲಸಿದ ಮಣ್ಣು ಮೆತ್ತಿ. ಸಿಮೆಂಟಿನಲ್ಲಿ ಕಟ್ಟಿದ ಗೋಡೆ ಬಿದ್ದರೆ ಇಟ್ಟಿಗೆ ಒಡೆದೇ ಹೋಗುತ್ತೆ, ಮಣ್ಣಿನದಾದರೆ ಬಿಡಿಸಿಕೊಳ್ಳಬಹುದು. ಹಾಗಾಗಿ ಕೆಲಸ ಬರೀ ಎತ್ತಿ ಹಾಕುವುದಲ್ಲ. ಒಂದೊಂದೇ ಇಟ್ಟಿಗೆ ಬಿಡಿಸಿ, ಅಂಟಿದ ಮಣ್ಣನ್ನು ಕರಣೆಯಲ್ಲಿ ಹೆರೆದು, ಇಡೀ ಇಟ್ಟಿಗೆ ಒಂದು ಕಡೆ, ಮುಕ್ಕಾದದ್ದು ಇನ್ನೊಂದು ಕಡೆ ಜೋಡಿಸಬೇಕು. ಕೆತ್ತನೆಯ ಕಿಟಕಿ ಚೌಕಟ್ಟು ಸಿಕ್ಕರೆ ಮೇಸ್ತ್ರಿಯನ್ನು ಕೂಗಬೇಕು, ನಾವು ಮುಟ್ಟುವ ಹಾಗಿಲ್ಲ.

ನಾನು ಹಳ್ಳಿಯವನು, ಈ ಗುಂಪಲ್ಲಿ ನನ್ನಷ್ಟು ಕೆಲಸ ಗೊತ್ತಿರೋನು ಇನ್ನೊಬ್ಬ ಇಲ್ಲ ಅನ್ನೋ ಧಿಮಾಕು ಒಳಗೊಳಗೇ ಇತ್ತು. ಇಪ್ಪತ್ತು ನಿಮಿಷಕ್ಕೆ ಅದು ಇಳಿಯಿತು. ಗ್ಲೌಸ್ ಒಳಗೇ ಅಂಗೈ ಬೊಬ್ಬೆ ಬಂತು, ಸೊಂಟ ಹಿಡಿಯಿತು. ನಿಜ ಹೇಳಬೇಕಂದರೆ ಹಳ್ಳಿಯಲ್ಲಿ ಹುಟ್ಟಿದ್ದು ಹೌದು, ಕೆಲಸ ಕಲಿತದ್ದು ಇಲ್ಲ. ಮಂಕರಿಗೆ ಕೈ ಹಾಕಿದಾಗಲೆಲ್ಲ ಅಪ್ಪ "ನಿಂಗ್ಯಾಕದು, ಓದ್ಕೊ ಹೋಗು" ಅಂತ ಗದರುತ್ತಿದ್ದ. ನನ್ನ ಕೈಗೆ ಗುದ್ದಲಿ ಬರಬಾರದು ಅಂತ ಅವನು ಜೀವನವಿಡೀ ಗುದ್ದಲಿ ಹಿಡಿದ. ಆ ಗುದ್ದಲಿಯನ್ನು ನಾಲ್ಕು ಗಂಟೆ ಮಟ್ಟಿಗೆ ಹಿಡಿಯಲು ನಾನು ಬೇರೆ ದೇಶಕ್ಕೆ ಬಂದು ದುಡ್ಡು ಕಟ್ಟಿದ್ದೆ.

ಆದರೂ ಒಂದು ಖುಷಿ ಇತ್ತು, ಸುಳ್ಳು ಯಾಕೆ ಹೇಳಲಿ. ಬೆವರು, ಧೂಳು, ಸಾಲಾಗಿ ನಿಂತು ಕೈಯಿಂದ ಕೈಗೆ ಇಟ್ಟಿಗೆ ದಾಟಿಸುವಾಗ ಹುಟ್ಟುವ ಒಂದು ಲಯ. ವರ್ಷಗಟ್ಟಲೆ ಸ್ಕ್ರೀನ್ ನೋಡಿದ ಮೈಗೆ ಹಬ್ಬ ಅದು. ಎದುರಿಗಿದ್ದ ಹೆಣ್ಣಾಳುಗಳಿಗೆ ಮಾತ್ರ ಅದು ಹಬ್ಬದ ಹಾಗೆ ಕಾಣುತ್ತಿರಲಿಲ್ಲ. ನಮ್ಮ ಬಸ್ಸು ಐದು ಗಂಟೆಗೆ ಬರುತ್ತಿತ್ತು. ಅವರಿಗೆ ನಾಳೆಯೂ ಇದೇ ಗುಡ್ಡೆ. ಬಿಟ್ಟು ಹೋಗಬಹುದು ಅಂತ ಗೊತ್ತಿರುವ ಕಷ್ಟ ಆಟದ ಹಾಗಿರುತ್ತೆ. ಬಿಟ್ಟು ಹೋಗಲಾಗದ ಕಷ್ಟಕ್ಕೆ ಕೂಲಿ ಅಂತ ಹೆಸರು.

ಮೂರು ಗಂಟೆಗೆ ನಾವು ಜೋಡಿಸಿದ ಇಟ್ಟಿಗೆ ಸಾಲಿನ ಹತ್ತಿರ ಮೇಸ್ತ್ರಿ ಬಂದ. ಸಾಲು ಒಂದು ಕಡೆಗೆ ವಾಲಿತ್ತು. ಏನೂ ಅನ್ನಲಿಲ್ಲ. ಅರ್ಧ ಸಾಲು ಬಿಚ್ಚಿ ಮತ್ತೆ ಕಟ್ಟಿದ. ದಿನಗೂಲಿ ಎಷ್ಟು ಅಂತ ಗೈಡ್‌ನ ಕೇಳಿದೆ. ಹೆಣ್ಣಾಳಿಗೆ 700 ಅಂದ. ಲೆಕ್ಕ ಹಾಕುವ ಚಟ ನನಗೆ. ನನ್ನ ಫೀ 3,500, ಅಂದರೆ ಐದು ಆಳು. ನಾವು ಒಂಬತ್ತು ಜನ, ನಲವತ್ತೈದು ಆಳು. ಒಂಬತ್ತು ಜನ ಸೇರಿ ಅವತ್ತು ಮಾಡಿದ ಕೆಲಸವನ್ನು ಆ ಇಬ್ಬರೇ ಅಷ್ಟೇ ಹೊತ್ತಿನಲ್ಲಿ ಮಾಡುತ್ತಿದ್ದರು, ಸಾಲನ್ನೂ ವಾಲಿಸದೆ.

ಟೀ ಹೊತ್ತಿಗೆ ಮುದುಕಿ ನಮ್ಮನ್ನೆಲ್ಲ ಕೂರಿಸಿ ತಟ್ಟೆ ಕೊಟ್ಟರು. ನೋಡಿದರೆ ಅವಲಕ್ಕಿ! ಜೊತೆಗೆ ಮಣ್ಣಿನ ಕುಡಿಕೆಯಲ್ಲಿ ಗಟ್ಟಿ ಸಿಹಿಮೊಸರು, ಭಕ್ತಪುರ ಅದಕ್ಕೇ ಹೆಸರುವಾಸಿ. ಮೊಮ್ಮಗಳು ಅವರನ್ನು "ಅಜಿ" ಅಂತ ಕೂಗುತ್ತಿದ್ದಳು. ನೇವಾರರ ಭಾಷೆಯಲ್ಲಿ ಅಜಿ ಅಂದರೆ ಅಜ್ಜಿ. ನಮ್ಮಲ್ಲೂ ಹಾಗೇ ಅನ್ನೋದು ಅಂದೆ. ಅಜ್ಜಿಗೆ ಬಹಳ ಸಂತೋಷವಾಯಿತು. ಯಾವ ಊರು ಅಂದರು, ಕರ್ನಾಟಕ ಅಂದೆ. "ಪಶುಪತಿಯ ಭಟ್ಟರ ಸೀಮೆಯವನಾ?" ಅಂದರು. ಪಶುಪತಿನಾಥನ ಮುಖ್ಯ ಅರ್ಚಕರು ನಮ್ಮ ಕಡೆಯಿಂದ ಹೋದ ಭಟ್ಟರು ಅನ್ನೋದು ಅಲ್ಲಿನ ಜನಕ್ಕೆ ಚೆನ್ನಾಗಿ ಗೊತ್ತು.

ಮೊಮ್ಮಗಳು ಹಿಂದಿಯಲ್ಲಿ ದಾಟಿಸುತ್ತಾ ಹೋದಳು. ಅಜ್ಜಿಯ ಮಗ ಮಲೇಷ್ಯಾದಲ್ಲಿ ಫ್ಯಾಕ್ಟರಿ ಕೆಲಸಕ್ಕಿದ್ದಾನೆ, ಭೂಕಂಪದ ಮೇಲೆ ಬಂದಿಲ್ಲ. ಬಂದರೆ ಕೆಲಸ ಹೋಗುತ್ತೆ. ನೇಪಾಳದ ಕಥೆಯೇ ಇದು. ಹೊರದೇಶಕ್ಕೆ ಹೋದ ಮಕ್ಕಳು ಕಳಿಸುವ ದುಡ್ಡು ಆ ದೇಶದ ಒಟ್ಟು ಉತ್ಪನ್ನದ ಕಾಲುಭಾಗಕ್ಕೂ ಹೆಚ್ಚು. ಇಟ್ಟಿಗೆ ಎತ್ತುವ ತೋಳುಗಳೆಲ್ಲ ಕತಾರಿನಲ್ಲಿ, ಮಲೇಷ್ಯಾದಲ್ಲಿ, ನಮ್ಮ ಬೆಂಗಳೂರಿನ ಅಪಾರ್ಟ್‌ಮೆಂಟ್ ಗೇಟುಗಳಲ್ಲಿ ಇವೆ. "ತಿಂಗಳು ತಿಂಗಳು ತಪ್ಪದೆ ದುಡ್ಡು ಕಳಿಸ್ತಾನೆ. ಒಳ್ಳೆ ಮಗ" ಅಂದರು ಅಜ್ಜಿ. ನಮ್ಮಪ್ಪ ಅರಳಿಕಟ್ಟೆಯಲ್ಲಿ ಕೂತು ನನ್ನ ಬಗ್ಗೆ ಹೇಳುವ ಮಾತೂ ಇದೇ.

ಆಮೇಲೆ ಅವರು ಒಂದು ಪ್ರಶ್ನೆ ಕೇಳಿದರು. ಮನೆ ಬಿದ್ದವರಿಗೆ ಮಾತ್ರ ಹೊಳೆಯುವ ಪ್ರಶ್ನೆ. "ನಿಮ್ಮಪ್ಪ ಅಮ್ಮ ಇರುವ ಮನೆ ಗಟ್ಟಿ ಇದೆಯಾ?"

"ಗಟ್ಟಿ ಇದೆ ಅಜ್ಜೀ" ಅಂದೆ. ಹಿತ್ತಲ ಗೋಡೆ ಎದ್ದಿದೆಯೋ ಇಲ್ಲವೋ ಅಂತ ನಾನು ಆವರೆಗೆ ಕೇಳಿಯೇ ಇರಲಿಲ್ಲ.

ಐದು ಗಂಟೆಗೆ ಗ್ರೂಪ್ ಫೋಟೊ ಆಯಿತು. ಅದನ್ನೇ ಅಪ್ಪನಿಗೆ ಕಳಿಸಿದ್ದು.

ರಾತ್ರಿ ರೂಮಿನಲ್ಲಿ ಗೆಳೆಯನ ಜೊತೆ ವಾದ ಬಿತ್ತು. ನಾವು ಮಾಡಿದ್ದು ಸಹಾಯವಾ, ನಾಟಕವಾ ಅಂತ. ಫೀ ದುಡ್ಡನ್ನು ನೇರವಾಗಿ ಆ ಮನೆಯವರಿಗೆ ಕೊಟ್ಟಿದ್ದರೆ ನಲವತ್ತೈದು ಆಳಿನ ಕೆಲಸ ಆಗುತ್ತಿತ್ತು ಅಂದೆ. ಅವನ ಉತ್ತರ ಸುಲಭವಾಗಿ ತಳ್ಳಿಹಾಕುವಂಥದ್ದಲ್ಲ. "ನೀನು ಬರದೆ ಇದ್ದಿದ್ರೆ ಆ ದುಡ್ಡು ಕೊಡ್ತಿದ್ಯಾ? ಭೂಕಂಪ ಆಗಿ ಹನ್ನೊಂದು ತಿಂಗಳಾಯ್ತು, ಅಲ್ಲಿವರೆಗೂ ಒಂದು ರೂಪಾಯಿ ಕಳಿಸಿದ್ಯಾ? ಇಟ್ಟಿಗೆ ಮುಟ್ಟಿದ ಮೇಲೇ ಅಲ್ವಾ ನಿಂಗೆ ಈ ಲೆಕ್ಕ ಹೊಳೆದಿದ್ದು?"

ನಿಜ. ಇನ್ನೂ ಒಂದು ನಿಜ ಅವತ್ತು ಹೊಳೆಯಿತು, ಅದು ತಮಾಷೆಯಾಗಿದೆ. ಬೆಳಗಿನ ಸುತ್ತಾಟದ ಬಗ್ಗೆ ನನಗೆ ನಾಚಿಕೆಯಿತ್ತು, ಮಧ್ಯಾಹ್ನದ ದುಡಿಮೆಯ ಬಗ್ಗೆ ಹೆಮ್ಮೆ. ಆದರೆ ಉಪಯೋಗ ನೋಡಿದರೆ ಉಲ್ಟಾ. ಭೂಕಂಪದ ಮೇಲೆ ನೇಪಾಳಕ್ಕೆ ಪ್ರವಾಸಿಗಳೇ ಕಡಿಮೆಯಾಗಿದ್ದರು. ಹೋಟೆಲಿನವನಿಗೆ, ಮೊಸರು ಮಾರುವವನಿಗೆ, ಕುಂಬಾರನಿಗೆ ಗಿರಾಕಿ ಬೇಕಿತ್ತು. ಊರ ಬಾಗಿಲಲ್ಲಿ ಗೊಣಗಿಕೊಂಡು ಕೊಟ್ಟ 500 ರೂಪಾಯಿ ಭಕ್ತಪುರದ ನಗರಪಾಲಿಕೆಗೆ ಹೋಗುತ್ತೆ, ಗುಡಿಗಳ ದುರಸ್ತಿಗೆ ಅದು ಬಳಸುವುದು ಅದೇ ದುಡ್ಡನ್ನು. ನನ್ನ ಕಾಲು ಮಾಡಿದ ಸಹಾಯ ನನ್ನ ಕೈ ಮಾಡಿದ್ದಕ್ಕಿಂತ ದೊಡ್ಡದು. ಇದನ್ನು ಒಪ್ಪಿಕೊಳ್ಳೋಕೆ ಕಷ್ಟ, ಯಾಕಂದರೆ ಬೆವರು ಸುರಿಸಿದ್ದೇ ದೊಡ್ಡದು ಅಂತ ನಮಗೆ ಅನ್ನಿಸಿರುತ್ತೆ. ನಮಗೆ ಎಷ್ಟು ನೋವಾಯಿತು ಅನ್ನೋದರ ಮೇಲೆ ಅವರಿಗೆ ಎಷ್ಟು ಉಪಕಾರವಾಯಿತು ಅಂತ ಅಳೆಯುತ್ತೇವೆ. ಅಂಗೈ ಬೊಬ್ಬೆಗೂ ಅಜ್ಜಿಯ ಗೋಡೆಗೂ ಸಂಬಂಧವೇ ಇಲ್ಲ.

ಹಾಗಾದರೆ ರಾಜನ ಮೂರು ಇಟ್ಟಿಗೆ? ಅವನೂ ಫೋಟೊಗೇ ಹೊತ್ತನಾ? ಮೂರು ಇಟ್ಟಿಗೆಯಿಂದ ಗುಡಿ ಏಳಲ್ಲ. ಉಳಿದ ಇಟ್ಟಿಗೆ ಹೊತ್ತವರ ಹೆಸರು ಯಾರಿಗೂ ಗೊತ್ತಿಲ್ಲ, ಗುಡಿ ಮಾತ್ರ ರಾಜನ ಹೆಸರಲ್ಲಿದೆ. ಹಾಗಂತ ಆ ಮೂರು ಇಟ್ಟಿಗೆಯನ್ನು ಸುಳ್ಳು ಅಂತ ಹೇಳೋಕೆ ನನ್ನ ಕೈಲಾಗಲಿಲ್ಲ. ಬಹಳ ದಿನ ಯೋಚನೆ ಮಾಡಿದ ಮೇಲೆ ವ್ಯತ್ಯಾಸ ಇಲ್ಲಿದೆ ಅನ್ನಿಸಿತು: ಅವನು ಹೊತ್ತದ್ದು ತನ್ನ ಊರಲ್ಲಿ. ನಾಳೆ ಬೆಳಗ್ಗೆ ಅದೇ ಜನ ಅವನನ್ನು ನೋಡುತ್ತಿದ್ದರು. ಗುಡಿ ಅರ್ಧಕ್ಕೆ ನಿಂತರೆ "ಏನಾಯ್ತು ಸ್ವಾಮಿ?" ಅಂತ ಕೇಳುತ್ತಿದ್ದರು. ನಮ್ಮನ್ನು ಯಾರು ಕೇಳಬೇಕು? ಅಜ್ಜಿಯ ಹತ್ತಿರ ನನ್ನ ನಂಬರೂ ಇಲ್ಲ.

ಇದಕ್ಕೆ ನಮ್ಮ ಕಡೆ ಒಂದು ಪದವೇ ಇದೆ, ಮುಯ್ಯಿ. ಮುಯ್ಯಾಳು ಅಂದರೆ ಇವತ್ತು ನಮ್ಮ ಹೊಲಕ್ಕೆ ನೀವು ಬಂದರೆ, ನಾಳೆ ನಿಮ್ಮ ಹೊಲಕ್ಕೆ ನಾವು. ದುಡ್ಡಿನ ಮಾತಿಲ್ಲ, ಆಳಿಗೆ ಆಳು. ಚಿಕ್ಕವನಿದ್ದಾಗ ಇದು ಬಡವರ ವ್ಯವಹಾರ, ಕೂಲಿ ಕೊಡೋಕೆ ಗತಿಯಿಲ್ಲದವರದ್ದು ಅಂದುಕೊಂಡಿದ್ದೆ. ಈಗ ಅನ್ನಿಸುತ್ತೆ, ಅದರಲ್ಲಿ ಯಾರೂ ಕೊಡುಗೈ ದಾನಿಯಲ್ಲ, ಯಾರೂ ಕೈಚಾಚಿದವರಲ್ಲ. ಸಾಲ ಎರಡೂ ಕಡೆ ಇರುತ್ತೆ. ನಾವು ಮಾಡುವ ಸೇವೆಯಲ್ಲಿ ಎದುರಿನವರಿಗೆ ತಿರುಗಿ ಕೊಡುವ ದಾರಿಯನ್ನೇ ಇಟ್ಟಿರುವುದಿಲ್ಲ. ಅಜ್ಜಿ ಆ ತಗಡಿನ ಶೆಡ್ಡಿನಲ್ಲೂ ಒಂಬತ್ತು ಜನಕ್ಕೆ ಅವಲಕ್ಕಿ ಮೊಸರು ಹಾಕಿದರಲ್ಲ, ಅದು ಅವರ ಮುಯ್ಯಿ. ಋಣ ಇಟ್ಟುಕೊಳ್ಳಲಿಲ್ಲ ಅವರು. ನಾನು ಅದನ್ನು "ಲೋಕಲ್ ಹಾಸ್ಪಿಟಾಲಿಟಿ" ಅಂತ ಪೋಸ್ಟ್ ಮಾಡಿದೆ.

ಏಪ್ರಿಲ್ 8ಕ್ಕೆ ಯುಗಾದಿ. ಊರಿಗೆ ಹೋದೆ. ಹೋದವನೇ ಸೀದಾ ಹಿತ್ತಲಿಗೆ. ಗೋಡೆ ಎದ್ದಿತ್ತು, ಸುಣ್ಣವೂ ಆಗಿತ್ತು.

"ಆಳು ಚೆನ್ನಾಗಿ ಮಾಡವ್ರೆ" ಅಂದೆ.

"ಆಳೆಲ್ಲಿ ಸಿಕ್ತಾರೆ ಈಗ. ನಮ್ಮೋರೇ ಬಂದಿದ್ರು" ಅಂದ ಅಪ್ಪ. ಪಕ್ಕದ ಹೊಲದ ದೊಡ್ಡಪ್ಪ, ಅವನ ಇಬ್ಬರು ಮಕ್ಕಳು, ಮೇಲಿನ ಬೀದಿಯ ಅತ್ತೆ ಮನೆಯವರು. ಎಲ್ಲಾ ಮುಯ್ಯಾಳು.

"ಮತ್ತೆ ಆ ದುಡ್ಡು?"

"ಪೋಸ್ಟಾಫೀಸಲ್ಲಿ ಐತೆ, ನಿನ್ನೆಸ್ರಲ್ಲೇ."

ಮಾತು ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಸಂಜೆ ಅಮ್ಮ ಹೇಳಿದಳು, ಬಂದವರ ಮುಯ್ಯಿ ತೀರಿಸೋಕೆ ಅಪ್ಪ ಚಳಿಗಾಲವಿಡೀ ಒಬ್ಬೊಬ್ಬರ ಹೊಲಕ್ಕೂ ಹೋಗಿದ್ದ. ಹನ್ನೊಂದು ಆಳಿನ ಸಾಲ, ಅರವತ್ನಾಲ್ಕು ವರ್ಷದ ಮೈ. ನನ್ನ ಲೆಕ್ಕದಲ್ಲಿ 15,000ಕ್ಕೆ ಮುಗಿದಿದ್ದ ಗೋಡೆಯನ್ನು ಅವನು ಇನ್ನೂ ತೀರಿಸುತ್ತಲೇ ಇದ್ದ. ನಾನು ನೇಪಾಳದಲ್ಲಿ ಇಟ್ಟಿಗೆ ಹಿಡಿದು ಫೋಟೊಕ್ಕೆ ನಿಂತ ದಿನವೂ ಅವನು ದೊಡ್ಡಪ್ಪನ ತೋಟದಲ್ಲಿದ್ದನಂತೆ. ಫೋನ್ ಮಾಡಿದ್ದು ಅಲ್ಲಿಂದಲೇ.

ವರ್ಷತೊಡಕಿನ ಮಾರನೇ ದಿನ ದೊಡ್ಡಪ್ಪನ ತಿಪ್ಪೆ ಗೊಬ್ಬರ ಹೊಲಕ್ಕೆ ಹೊಡೆಯುವ ಕೆಲಸ ಇತ್ತು. ನಾನು ಹೋಗ್ತೀನಿ ಅಂದೆ. ಅಪ್ಪ ಓದ್ಕೊ ಹೋಗು ಅನ್ನಲಿಲ್ಲ. ಮಂಕರಿ ತೋರಿಸಿ, "ಮೊಣಕಾಲು ಬಗ್ಗಿಸಿ ಎತ್ತು, ಸೊಂಟದಿಂದ ಎತ್ತಬೇಡ" ಅಂದ. ಬೆಳಗ್ಗೆಯಿಂದ ಸಂಜೆವರೆಗೆ ಗಾಡಿಗೆ ತುಂಬಿದೆ, ಹೊಲದಲ್ಲಿ ಸುರಿದೆ. ದೊಡ್ಡಪ್ಪನ ಮಕ್ಕಳು ನಾನು ಒಂದು ಮಂಕರಿ ಎತ್ತುವ ಹೊತ್ತಿಗೆ ಮೂರು ಎತ್ತುತ್ತಿದ್ದರು. ಖುಷಿ, ಲಯ ಅಂಥದ್ದೇನೂ ಆಗಲಿಲ್ಲ. ಬರೀ ಸುಸ್ತು, ಬರೀ ವಾಸನೆ. ಸಂಜೆ ದೊಡ್ಡಪ್ಪ ಅಪ್ಪನಿಗೆ, "ನಿನ್ ಮಗಂದು ಅರ್ಧ ಆಳು ಅಂತ ಬರ್ಕೋ" ಅಂದ. ಎಲ್ಲರೂ ನಕ್ಕರು, ನಾನೂ. ನೇಪಾಳದಲ್ಲಿ ನಮ್ಮ ಕೆಲಸಕ್ಕೆ ಯಾರೂ ಇಷ್ಟು ಮರ್ಯಾದೆಯಿಂದ ಬೆಲೆ ಕಟ್ಟಿರಲಿಲ್ಲ. ಅಲ್ಲಿ ಎಲ್ಲರೂ ಥ್ಯಾಂಕ್ಸ್ ಹೇಳಿದ್ದರು.

ಹೊರಡುವ ದಿನ ಬಸ್‌ಸ್ಟಾಪಿನಲ್ಲಿ ಅಪ್ಪ ಅಂದ, "ಅತ್ತೆ ಮನೇದು ಇನ್ನೊಂದು ಆಳು ಬಾಕಿ ಐತೆ. ಮುಂಗಾರಿಗೆ ಬಿತ್ತನೆ ಟೈಮಿಗೆ ಬಂದರೆ ತೀರೋಗುತ್ತೆ."

ಬರ್ತೀನಿ ಅಂದೆ. ಫೋನಿನ ಕ್ಯಾಲೆಂಡರಲ್ಲಿ ಗುರುತೂ ಹಾಕಿಕೊಂಡೆ.

ಜೂನಲ್ಲಿ ಮತ್ತೆ ರಿಲೀಸ್ ಬಂತು. ಎರಡು ದಿನ ಮುಂಚೆ ಲೀವ್ ಕೇಳಿದೆ, ಮ್ಯಾನೇಜರ್ ಮುಖ ನೋಡಿ ನಾನೇ ವಾಪಸ್ ತಗೊಂಡೆ. ಅಪ್ಪನಿಗೆ ಫೋನ್ ಮಾಡಿ ಹೇಳಿದಾಗ, "ಹೋಗ್ಲಿ ಬಿಡಪ್ಪಾ, ನಾನೇ ಹೋಗ್ ಬಂದೆ ನಿನ್ನೆ" ಅಂದ. ಉಸಿರಾಡುವ ಸದ್ದು ಸ್ವಲ್ಪ ಜೋರಾಗಿತ್ತು. ಈ ಸಲ ನಾನು ದುಡ್ಡು ಕಳಿಸ್ತೀನಿ ಅನ್ನಲಿಲ್ಲ.